ನಿಂತ ಗೆರೆ, ನಡೆಯುವ ಗೆರೆ

ಜಪಾನಿನಲ್ಲಿ ಭಾನುವಾರ ಸಂಜೆ ಆರೂವರೆಗೆ ಫುಜಿ ಟಿವಿ ಹಾಕಿದರೆ ಸಜಾಯೆ ಎಂಬ ಗೃಹಿಣಿಯ ಮನೆಮಂದಿಯೆಲ್ಲ ಎದುರಾಗುತ್ತಾರೆ. ಅಪ್ಪ, ಅಮ್ಮ, ಗಂಡ, ಪುಟ್ಟ ಮಗ, ತಮ್ಮ, ತಂಗಿ, ಒಂದು ಬೆಕ್ಕು. 1969ರ ಅಕ್ಟೋಬರ್ 5ರಂದು ಶುರುವಾದ ‘ಸಜಾಯೆ-ಸಾನ್’ ಇಂದಿಗೂ ಮುಗಿದಿಲ್ಲ. ಅತಿ ದೀರ್ಘಕಾಲ ನಡೆದ ಅನಿಮೇಷನ್ ಧಾರಾವಾಹಿ ಎಂಬ ಗಿನ್ನೆಸ್ ದಾಖಲೆ ಅದರ ಹೆಸರಿನಲ್ಲಿದೆ. ಇದರ ಮೂಲ, ಮಚಿಕೊ ಹಸೆಗಾವಾ ಎಂಬ ಕಲಾವಿದೆ 1946ರಲ್ಲಿ ಫುಕುವೋಕಾದ ಸಂಜೆಪತ್ರಿಕೆಯೊಂದಕ್ಕೆ ಬರೆಯತೊಡಗಿದ ನಾಲ್ಕು ಚೌಕಗಳ ಚಿತ್ರಮಾಲೆ. ಯುದ್ಧದಲ್ಲಿ ಸೋತು, ಕಾಳುಕಡ್ಡಿಗೂ ಸಾಲು ನಿಂತಿದ್ದ ದೇಶದ ದಿನನಿತ್ಯದ ಬದುಕು ಅದರಲ್ಲಿ ನಗುನಗುತ್ತಾ ಮೂಡಿತು.

ಅಚ್ಚಾಗುವ ಚಿತ್ರಕಥೆ ಮಾಂಗಾ, ತೆರೆಯ ಮೇಲೆ ಚಲಿಸುವುದು ಅನಿಮೆ. ಎಲ್ಲ ಅನಿಮೆಗೂ ಮಾಂಗಾ ಮೂಲವಿರುವುದಿಲ್ಲ. ಆದರೂ ಜಗತ್ತೇ ಬಲ್ಲ ಹಲವು ಸರಣಿಗಳ ಬೇರು ಮಾಂಗಾದಲ್ಲಿದೆ. ಇವೆರಡರ ನಡುವಿನ ನಿಜವಾದ ಅಂತರ ಕಾಲದ್ದು. ಮಾಂಗಾ ಓದುವಾಗ ಕಾಲ ಓದುಗನ ಕೈಯಲ್ಲಿರುತ್ತದೆ. ಒಂದು ಚೌಕದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು, ಹಿಂದಿನ ಪುಟಕ್ಕೆ ಮರಳಬಹುದು, ಮುಂದಿನದಕ್ಕೆ ಹಾರಬಹುದು. ಅನಿಮೆಯಲ್ಲಿ ಆ ಅಧಿಕಾರ ನಿರ್ದೇಶಕನಿಗೆ ಸೇರುತ್ತದೆ. ಒಂದು ರೂಪಾಂತರ ಗೆದ್ದಿತೋ ಸೋತಿತೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಇಲ್ಲೇ.

ವಾರಕ್ಕೊಂದು ಅಧ್ಯಾಯ

1959ರ ಮಾರ್ಚ್ 17ರಂದು ‘ಶೋನೆನ್ ಮ್ಯಾಗಜೀನ್’ ಮತ್ತು ‘ಶೋನೆನ್ ಸಂಡೇ’ ಎಂಬ ಎರಡು ವಾರಪತ್ರಿಕೆಗಳು ಒಂದೇ ದಿನ ಹೊರಬಂದವು. 1968ರಲ್ಲಿ ‘ಶೋನೆನ್ ಜಂಪ್’ ಅವುಗಳ ಜೊತೆ ಸ್ಪರ್ಧೆಗಿಳಿಯಿತು. ಒರಟು ಕಾಗದದ ಮೇಲೆ ಅಚ್ಚಾಗುವ ನಾನೂರು–ಐನೂರು ಪುಟಗಳ ದಪ್ಪ ಪತ್ರಿಕೆ ಇದು. ಇಪ್ಪತ್ತರ ಆಸುಪಾಸಿನಷ್ಟು ಕಥೆಗಳು ಇದರಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ. 1990ರ ದಶಕದ ನಡುವೆ ಒಂದೇ ವಾರದ ‘ಜಂಪ್’ ಸಂಚಿಕೆ 65 ಲಕ್ಷ ಪ್ರತಿಗಳನ್ನು ದಾಟಿತ್ತು.

ಪತ್ರಿಕೆಯೊಳಗೆ ಒಂದು ಅಂಚೆ ಕಾರ್ಡು ಇರುತ್ತಿತ್ತು. ಈ ವಾರ ಇಷ್ಟವಾದ ಮೂರು ಕಥೆಗಳು ಯಾವುವು ಎಂದು ಓದುಗರು ಅದರಲ್ಲಿ ಬರೆದು ಕಳಿಸಬೇಕಿತ್ತು. ಈ ಲೆಕ್ಕದಲ್ಲಿ ಹಿಂದೆ ಬಿದ್ದ ಕಥೆಗೆ ಕೆಲವೇ ತಿಂಗಳಲ್ಲಿ ಮಂಗಳ ಹಾಡಲಾಗುತ್ತದೆ. ಮೇಲೆ ಬಂದ ಕಥೆಗಳ ಅಧ್ಯಾಯಗಳನ್ನು ಒಟ್ಟುಗೂಡಿಸಿ ಒಳ್ಳೆಯ ಕಾಗದದಲ್ಲಿ ಸಂಪುಟಗಳನ್ನು ತರುತ್ತಾರೆ. ಸಂಪುಟಗಳು ಮಾರಾಟವಾದರೆ ಅನಿಮೆ ಸ್ಟುಡಿಯೋಗಳು ಬಾಗಿಲು ತಟ್ಟುತ್ತವೆ. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು, ಪುಸ್ತಕವಾಗಿ, ಆಮೇಲೆ ಸಿನಿಮಾ ಆದ ಕಾದಂಬರಿಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಈ ದಾರಿ ಅಪರಿಚಿತವೇನಲ್ಲ.

ಒಂದು ವಾರದ ಅಧ್ಯಾಯವೆಂದರೆ ಹತ್ತೊಂಬತ್ತು–ಇಪ್ಪತ್ತು ಪುಟ. ಕಲಾವಿದ ಮೊದಲು ಕಚ್ಚಾ ಕರಡು ಹಾಕುತ್ತಾನೆ. ಯಾವ ಪುಟದಲ್ಲಿ ಎಷ್ಟು ಚೌಕ, ಯಾರು ಎಲ್ಲಿ ನಿಂತಿದ್ದಾರೆ, ಯಾವ ಮಾತು ಎಲ್ಲಿ ಎಂಬುದೆಲ್ಲ ಅದರಲ್ಲೇ ತೀರ್ಮಾನವಾಗಬೇಕು. ಸಂಪಾದಕ ಅದನ್ನು ಓದಿ ತಿದ್ದಿಸುತ್ತಾನೆ. ಒಪ್ಪಿಗೆ ಸಿಕ್ಕ ಮೇಲೆ ಪೆನ್ಸಿಲ್, ಅದರ ಮೇಲೆ ಶಾಯಿ. ಒತ್ತಿದರೆ ದಪ್ಪ, ಸಡಿಲಿಸಿದರೆ ತೆಳು ಗೆರೆ ಕೊಡುವ ಲೋಹದ ನಿಬ್ಬು ಈ ಕಸುಬಿನ ಮುಖ್ಯ ಆಯುಧ. ಹಿನ್ನೆಲೆಯ ಕಟ್ಟಡ, ಮರ, ಕತ್ತಲೆಗಳನ್ನು ಸಹಾಯಕರು ತುಂಬುತ್ತಾರೆ. ಈಗ ಅನೇಕರು ಟ್ಯಾಬ್ಲೆಟ್ ಮೇಲೆ ಬರೆಯುತ್ತಾರೆ. ಆದರೆ ವಾರದ ಗಡುವು ಮಾತ್ರ ಸಡಿಲಗೊಂಡಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು ಆರೋಗ್ಯ ಕಳೆದುಕೊಂಡ ಕಲಾವಿದರು ಒಬ್ಬಿಬ್ಬರಲ್ಲ. ನಾವು ಹತ್ತು ನಿಮಿಷದಲ್ಲಿ ಓದಿ ಮುಗಿಸುವ ಅಧ್ಯಾಯದ ಹಿಂದೆ ಇಷ್ಟೆಲ್ಲ ದುಡಿಮೆಯಿದೆ.

ತೆಜುಕಾ ಕಂಡುಕೊಂಡ ಉಪಾಯ

ಮಾಂಗಾವನ್ನು ವಾರವಾರವೂ ಟಿವಿಗೆ ತರುವ ಸಾಹಸಕ್ಕೆ ಮುನ್ನುಗ್ಗಿದವರು ಒಸಾಮು ತೆಜುಕಾ. ಒಸಾಕಾದಲ್ಲಿ ವೈದ್ಯಕೀಯ ಓದಿದವರು, ಬದುಕನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. 1952ರಿಂದ ಬರೆಯುತ್ತಿದ್ದ ತಮ್ಮ ‘ತೆತ್ಸುವಾನ್ ಆಟಮ್’, ಅಂದರೆ ಹೊರಜಗತ್ತು ‘ಆಸ್ಟ್ರೋ ಬಾಯ್’ ಎಂದು ಕರೆಯುವ ರೋಬಾಟ್ ಹುಡುಗನ ಕಥೆಯನ್ನು 1963ರ ಜನವರಿ 1ರಂದು ಟಿವಿಗೆ ತಂದರು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿಯೊಂದಕ್ಕೂ ಹೊಸ ಚಿತ್ರ ಬರೆಯುತ್ತಾ ಕುಳಿತರೆ ವಾರಕ್ಕೊಂದು ಕಂತು ಕನಸಿನ ಮಾತು. ಹಾಗಾಗಿ ತೆಜುಕಾ ಅವರ ಮುಶಿ ಪ್ರೊಡಕ್ಷನ್ ಚಿತ್ರಗಳ ಸಂಖ್ಯೆಯನ್ನೇ ಇಳಿಸಿತು. ಒಂದೇ ಚಿತ್ರವನ್ನು ಹೆಚ್ಚು ಹೊತ್ತು ನಿಲ್ಲಿಸಿದರು, ಮಾತಾಡುವಾಗ ಬಾಯಿಯನ್ನಷ್ಟೇ ಆಡಿಸಿದರು, ಹಾರುವ ದೃಶ್ಯಗಳನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ಹೀಗೆ 1966ರ ಕೊನೆಯವರೆಗೆ 193 ಕಂತುಗಳು ನಡೆದವು.

ಕೊರತೆಯಿಂದ ಹುಟ್ಟಿದ ಈ ಉಪಾಯಗಳೇ ಅನಿಮೆಯ ಶೈಲಿಯಾಗಿ ಬೆಳೆದವು. ಅಲುಗಾಡದ ಮುಖದ ಮೇಲೆ ಒಂದು ಕಣ್ಣೀರ ಹನಿ, ಗಾಳಿಗೆ ಹಾರುವ ಕೂದಲು, ದೀರ್ಘ ಮೌನ, ಇವೆಲ್ಲ ಇಂದು ನೋಡುಗರು ಕಾದು ನೋಡುವ ಗಳಿಗೆಗಳು. ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು.

ಕಥೆಯನ್ನು ಹಿಂದಿಕ್ಕಿದ ಅನಿಮೆ

ವಾರದ ಲೆಕ್ಕಾಚಾರ ಇನ್ನೊಂದು ತೊಡಕನ್ನೂ ತಂದಿತು. ಅನಿಮೆಯ ಒಂದು ಕಂತು ಮಾಂಗಾದ ಒಂದಕ್ಕಿಂತ ಹೆಚ್ಚು ಅಧ್ಯಾಯಗಳನ್ನು ನುಂಗಬಲ್ಲದು. ಆಗ ಕಥೆ ಬರೆದು ಮುಗಿಯುವ ಮೊದಲೇ ತೆರೆ ಅದನ್ನು ಹಿಂದಿಕ್ಕುತ್ತದೆ. ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮಾಸಪತ್ರಿಕೆಯೊಂದರಲ್ಲಿ 2001ರಲ್ಲಿ ಶುರುವಾಯಿತು. ಸತ್ತ ತಾಯಿಯನ್ನು ರಸವಿದ್ಯೆಯಿಂದ ಮರಳಿ ತರಲು ಹೋಗಿ, ಅಣ್ಣ ಒಂದು ಕೈ ಒಂದು ಕಾಲನ್ನೂ ತಮ್ಮ ಇಡೀ ದೇಹವನ್ನೂ ಕಳೆದುಕೊಂಡ ಇಬ್ಬರು ಅಣ್ಣತಮ್ಮಂದಿರ ಕಥೆ ಇದು. ಬೋನ್ಸ್ ಸ್ಟುಡಿಯೋ 2003ರಲ್ಲಿ ಅನಿಮೆ ಆರಂಭಿಸಿದಾಗ ಕಥೆ ಇನ್ನೂ ಎಳೆಯದು. ಅನಿಮೆ ತಂಡ ತನ್ನದೇ ದಾರಿ ಹಿಡಿದು, ತನ್ನದೇ ಮುಕ್ತಾಯ ಕಟ್ಟಿ 51 ಕಂತುಗಳಲ್ಲಿ ನಿಂತಿತು. ಮಾಂಗಾ ಕೊನೆಗೆ ಬರುತ್ತಿದ್ದಂತೆ ಅದೇ ಸ್ಟುಡಿಯೋ 2009ರಲ್ಲಿ ಮತ್ತೆ ಮೊದಲಿನಿಂದ ತೊಡಗಿ, ಮೂಲಕ್ಕೆ ನಿಷ್ಠವಾಗಿ 64 ಕಂತುಗಳನ್ನು ಮಾಡಿತು. 2010ರ ಬೇಸಿಗೆಯಲ್ಲಿ ಪುಟದ ಕಥೆಯೂ ತೆರೆಯ ಕಥೆಯೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿದವು. ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದವರಿಗೆ ರೂಪಾಂತರದ ಬಗ್ಗೆ ಬೇರೆ ಪಾಠ ಬೇಕಿಲ್ಲ.

ಇಪ್ಪತ್ತಾರು ವರ್ಷ ಕಾದ ಪಂದ್ಯ

ನನ್ನ ಮಟ್ಟಿಗೆ ಈ ಕಲೆಯ ಶಿಖರ ತಕೆಹಿಕೊ ಇನೊವೆ ಅವರ ‘ಸ್ಲ್ಯಾಮ್ ಡಂಕ್’. ಕನಗಾವಾ ಪ್ರಾಂತದ ಶೊಹೊಕು ಎಂಬ ಸಾಮಾನ್ಯ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಈ ಕಥೆ 1990ರಿಂದ 1996ರವರೆಗೆ ‘ಜಂಪ್’ನಲ್ಲಿ ಬಂತು. 1993ರಲ್ಲಿ ತೊಯೆ ಸಂಸ್ಥೆ ಟಿವಿ ಅನಿಮೆ ತಂದಿತು. ಹುಡುಗರು ಮುಗಿಬಿದ್ದು ನೋಡಿದರು. ಆದರೆ ಪಂದ್ಯದ ಕೆಲವೇ ಸೆಕೆಂಡುಗಳು ಅಲ್ಲಿ ನಿಮಿಷಗಟ್ಟಲೆ ಹಿಗ್ಗುತ್ತಿದ್ದವು. 1996ರ ಮಾರ್ಚ್‌ನಲ್ಲಿ 101ನೇ ಕಂತಿಗೆ ಅದು ನಿಂತಾಗ, ಕಥೆಯ ಪ್ರಾಣವಾದ ಸನ್ನೊ ತಂಡದೆದುರಿನ ರಾಷ್ಟ್ರಮಟ್ಟದ ಪಂದ್ಯ ತೆರೆಗೆ ಬರಲೇ ಇಲ್ಲ.

ಆ ಪಂದ್ಯದ ಕೊನೆಯ ಕ್ಷಣಗಳನ್ನು ಇನೊವೆ ಮಾತಿಲ್ಲದೆ ಬರೆದಿದ್ದಾರೆ. ಪುಟದ ಮೇಲೆ ಪುಟ, ಬರೀ ದೇಹಗಳು, ಚೆಂಡು, ಬೆವರು. ಓದುಗ ಉಸಿರು ಬಿಗಿಹಿಡಿದು, ತನಗೆ ತಿಳಿದ ವೇಗದಲ್ಲಿ ಅವನ್ನು ದಾಟುತ್ತಾನೆ. 2022ರ ಡಿಸೆಂಬರ್‌ನಲ್ಲಿ ಇನೊವೆ ತಾವೇ ನಿರ್ದೇಶಕರಾಗಿ ‘ದಿ ಫಸ್ಟ್ ಸ್ಲ್ಯಾಮ್ ಡಂಕ್’ ತಂದರು. ನಿಜವಾದ ಆಟಗಾರರ ಚಲನೆಯನ್ನು ದಾಖಲಿಸಿಕೊಂಡು, ಪಂದ್ಯವನ್ನು ಪಂದ್ಯದ ವೇಗದಲ್ಲೇ ಓಡಿಸಿದರು. ಆರಂಭದಲ್ಲಿ ಬಿಳಿ ಹಾಳೆಯ ಮೇಲೆ ಪೆನ್ಸಿಲ್ ಗೆರೆಗಳು ಮೂಡಿ, ಆಟಗಾರರಾಗಿ ಎದ್ದು ನಡೆದುಬರುತ್ತವೆ. ಕೊನೆಯ ಗಳಿಗೆಯಲ್ಲಿ ಪ್ರೇಕ್ಷಕರ ಕೂಗು, ಸಂಗೀತ ಎಲ್ಲ ನಿಂತುಹೋಗುತ್ತವೆ. ಪುಟದಲ್ಲಿದ್ದ ಮೌನ ಸಭಾಂಗಣವನ್ನೆಲ್ಲ ತುಂಬುತ್ತದೆ. ಕಥೆಯ ಕೇಂದ್ರವನ್ನೂ ಅವರು ಬದಲಿಸಿದರು. ಮಾಂಗಾದ ನಾಯಕ ಸಕುರಗಿಯ ಬದಲು, ಅಣ್ಣನನ್ನು ಕಳೆದುಕೊಂಡ ಒಕಿನಾವಾದ ಹುಡುಗ ರ್‍ಯೋತಾ ಇಲ್ಲಿ ಮುಂದೆ ಬಂದ. ಮೂಲಕ್ಕೆ ನಿಷ್ಠನಾಗಿರುವುದೆಂದರೆ ಚೌಕಗಳನ್ನು ನಕಲು ಮಾಡುವುದಲ್ಲ, ಮೂಲ ಎಬ್ಬಿಸಿದ ಭಾವಕ್ಕೆ ತಕ್ಕ ಕಾಲವನ್ನು ಕೊಡುವುದು ಎಂಬುದನ್ನು ಈ ಚಿತ್ರ ಮಾಡಿ ತೋರಿಸಿತು.

ಎಲ್ಲಿಂದ ಶುರುಮಾಡಲಿ?

ಮಾಂಗಾ ಮಕ್ಕಳಿಗಷ್ಟೇ ಎಂಬ ನಂಬಿಕೆ ತಪ್ಪು. ಶೋನೆನ್ ಹದಿಹರೆಯದ ಹುಡುಗರಿಗೆ, ಶೋಜೊ ಹುಡುಗಿಯರಿಗೆ, ಸೇನೆನ್ ವಯಸ್ಕರಿಗೆ ಎಂದು ಪತ್ರಿಕೆಗಳೇ ವಿಂಗಡಣೆಯಾಗಿವೆ. ತಂದೆತಾಯಂದಿರು ಕೊಳ್ಳುವ ಮುನ್ನ ಇದನ್ನೂ, ಹೊದಿಕೆಯ ಮೇಲಿನ ವಯಸ್ಸಿನ ಸೂಚನೆಯನ್ನೂ ನೋಡುವುದು ಒಳ್ಳೆಯದು. ಇಂಗ್ಲಿಷ್ ಅನುವಾದಗಳು ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಸಿಗುತ್ತವೆ. ಬಹುತೇಕ ಸಂಪುಟಗಳನ್ನು ಹಿಂಬದಿಯಿಂದ ತೆರೆದು, ಬಲದಿಂದ ಎಡಕ್ಕೆ ಓದಬೇಕು. ಒಂದು ಅಧ್ಯಾಯ ಮುಗಿಯುವುದರೊಳಗೆ ಕಣ್ಣು ಪಳಗುತ್ತದೆ. ಹೊಸಬರು ತೆಜುಕಾ 1972ರಿಂದ 1983ರವರೆಗೆ ಬರೆದ ‘ಬುದ್ಧ’ನನ್ನು ಕೈಗೆತ್ತಿಕೊಳ್ಳಬಹುದು. ನಮಗೆ ಗೊತ್ತಿರುವ ಸಿದ್ಧಾರ್ಥನ ಕಥೆಯೊಳಗೆ ಅವರು ಶೂದ್ರರು, ಅಸ್ಪೃಶ್ಯರು, ಕಳ್ಳರನ್ನು ಕಲ್ಪಿಸಿ ತಂದು, ಜಾತಿಯ ಕ್ರೌರ್ಯವನ್ನು ಎದುರಿಗಿಟ್ಟಿದ್ದಾರೆ.

ಮನೆಯಲ್ಲಿ ಮಕ್ಕಳು ಅನಿಮೆ ನೋಡುತ್ತಿದ್ದರೆ ಗದರಿ ಟಿವಿ ಆರಿಸಬೇಡಿ. ಒಂದು ಕಂತನ್ನು ಅವರ ಜೊತೆ ಕೂತು ನೋಡಿ, ಆಮೇಲೆ ಅದರ ಮಾಂಗಾದ ಮೊದಲ ಸಂಪುಟವನ್ನು ತಂದುಕೊಡಿ. ಕದ್ದ ಪ್ರತಿ ಬೇಡ, ಕೊಂಡ ಪ್ರತಿಯೇ ಇರಲಿ. ರಾತ್ರಿಯೆಲ್ಲ ಎದ್ದು ಗೆರೆ ಎಳೆದವರಿಗೆ ಅದು ಸಲ್ಲಬೇಕಾದ ಕೂಲಿ. ತೆರೆಯ ಮೇಲೆ ಓಡಿದ ದೃಶ್ಯವನ್ನು ಪುಟದಲ್ಲಿ ನಿಲ್ಲಿಸಿ ನೋಡಲು ಕಲಿತ ಮಗು ಓದುವುದನ್ನೂ ಕಲಿಯುತ್ತದೆ, ನೋಡುವುದನ್ನೂ ಕಲಿಯುತ್ತದೆ.