ಹೆರಾಲ್ಡಿನ ಬಾಲಕ್ಕೊಂದು ಕೊಕ್ಕೆ

ನಮ್ಮ ಅತ್ತಿಬೆಲೆಯ ಹೆದ್ದಾರಿ ಪಕ್ಕದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂಟಿಯಾಗಿ ಓಡುವ ವಾಹನಗಳಿಗಿಂತ ಇನ್ನೊಂದನ್ನು ಎಳೆದುಕೊಂಡು ಓಡುವುವೇ ಹೆಚ್ಚೇನೋ ಅನ್ನಿಸಿಬಿಡುತ್ತದೆ. ಹೊಸೂರಿನ ಕಡೆಯಿಂದ ಹೊಸ ವಾಹನಗಳನ್ನು ಹೇರಿಕೊಂಡು ಬರುವ ಉದ್ದುದ್ದ ಟ್ರೇಲರುಗಳು, ಕಂಟೇನರ್ ಹೊತ್ತ ಲಾರಿಗಳು, ಅವುಗಳ ಸಂದಿಯಲ್ಲಿ ಆನೇಕಲ್ ರಸ್ತೆಯಿಂದ ಹುಲ್ಲನ್ನೋ ಇಟ್ಟಿಗೆಯನ್ನೋ ತುಂಬಿಕೊಂಡು ನುಸುಳುವ ಟ್ರ್ಯಾಕ್ಟರುಗಳು. ಆದರೆ ಐವತ್ತು ದಾಟಿದ ಹಳೆಯ ಕಾರೊಂದರ ಬಾಲಕ್ಕೆ ಟ್ರೇಲರು ಕಟ್ಟಿದ್ದನ್ನು ನಾನು ಕಂಡದ್ದು ಇದೇ ಮೊದಲು. ಕಂಡದ್ದಷ್ಟೇ ಅಲ್ಲ, ಆ ಕಟ್ಟುವ ಕೆಲಸದಲ್ಲಿ ನನ್ನದೂ ಒಂದು ಕೈ ಇತ್ತು.

ಆದದ್ದಿಷ್ಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸರಿಯಾಗಿ 35 ಅಂಕ ತೆಗೆದವನು. ಈಗ ಕಬ್ಬಿಣವನ್ನು ನೋಡಿಯೇ ಅದರ ದಪ್ಪ ಹೇಳುತ್ತಾನೆ. ಒಂದು ಸಂಜೆ ಮನೆಗೆ ಬಂದು, “ಸಾರ್, ಒಂದು ಕಾರಿಗೆ ಹಿಂದ್ಗಡೆ ಕೊಕ್ಕೆ ಹಾಕ್ಬೇಕಂತೆ. ಟ್ರ್ಯಾಕ್ಟರ್‌ಗೆ ಬೇಕಾದಷ್ಟು ಹಾಕಿದೀನಿ, ಕಾರಿಗೆ ಹಾಕಿಲ್ಲ. ಒಂದ್ಸಲ ಬಂದು ನೋಡ್ತೀರಾ?” ಎಂದ.

ನಾನು ಒಪ್ಪಿಕೊಂಡದ್ದಕ್ಕೆ ಒಂದು ಹಿನ್ನೆಲೆಯಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯ ಮುಂದಿನ ಇಳಿಜಾರಿನಲ್ಲಿ ಟ್ರ್ಯಾಕ್ಟರಿನಿಂದ ಟ್ರೇಲರು ಕಳಚಿಕೊಂಡಿತು. ಟ್ರ್ಯಾಕ್ಟರು ಮುಂದೆ ಹೋಯಿತು. ಜಲ್ಲಿ ತುಂಬಿದ ಟ್ರೇಲರು ತನ್ನಷ್ಟಕ್ಕೆ ತಿರುಗಿ ನಮ್ಮ ಕಾಂಪೌಂಡು ಗೋಡೆಯನ್ನು ಒಡೆದು ಒಳಗೆ ಬಂದು ನಿಂತಿತು. ಆ ಗೋಡೆಯ ನೆರಳಿನಲ್ಲಿ ದಿನವೂ ಏಳನೇ ತರಗತಿಯ ಮಕ್ಕಳು ಕೂತಿರುತ್ತಿದ್ದರು. ಊಟದ ಬೆಲ್ಲು ಹೊಡೆದು ಐದು ನಿಮಿಷವಾಗಿತ್ತು, ಅಷ್ಟೇ. ಆಮೇಲೆ ನೋಡಿದರೆ, ಕೊಕ್ಕೆಯ ಪಿನ್ನು ಮೇಲೆದ್ದು ಬರದಂತೆ ಹಾಕಬೇಕಾದ ಕ್ಲಿಪ್ಪಿನ ಬದಲು ಯಾರೋ ಬೇಲಿಯ ತಂತಿಯನ್ನು ಸುತ್ತಿದ್ದರು. ಆ ತಂತಿಯ ತುಂಡು ಬಹಳ ಕಾಲ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿತ್ತು.

ಇರಲಿ, ಕಾರಿಗೆ ಬರೋಣ. ಅದರ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಈಗ ಚಂದಾಪುರದ ಕಡೆ ಮನೆ ಕಟ್ಟಿಕೊಂಡಿದ್ದಾರೆ. ಕಾರು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮನೆಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಒಂದು ಜಾವಾ ಮೋಟಾರುಸೈಕಲ್ಲೂ ಉಂಟು. ಬೆಂಗಳೂರಿನಲ್ಲಿ ಜಾವಾಪ್ರಿಯರೆಲ್ಲ ಸೇರುವ ದಿನ ಅದನ್ನು ಒಯ್ಯಬೇಕು. ಮಂಡಿನೋವಿನಿಂದ ಅಷ್ಟು ದೂರ ಓಡಿಸಲಾರರು. ಟೆಂಪೋ ಮಾಡಿ ಕಳಿಸಬಹುದಲ್ಲ ಎಂದೆ. “ಮೇಷ್ಟ್ರೇ, ಹೆರಾಲ್ಡಿನ ಹಿಂದೆ ಜಾವಾ ಹೋಗೋದನ್ನ ನೋಡೋ ಆಸೆ ನನಗೆ” ಎಂದರು. ಆಸೆಗೆ ಯಾವ ವಿಜ್ಞಾನವೂ ಉತ್ತರ ಹೇಳದು.

ಅವರು ಅದನ್ನು ಸ್ಪೋರ್ಟ್ಸ್ ಕಾರು ಎಂದೇ ಕರೆಯುತ್ತಾರೆ. ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ 948 ಸಿ.ಸಿ. ಎಂಜಿನ್ನಿನ ಕಾರು ಸ್ಪೋರ್ಟ್ಸ್ ಕಾರು ಹೇಗಾದೀತೆಂದು ನಾನು ತಕರಾರು ತೆಗೆದೆ. ಅವರ ವಾದ ಬೇರೆ. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬಂದದ್ದು 1959ರಲ್ಲಿ. ಅದರ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ತಯಾರಿಸಿದ್ದು ಅದೇ ಹೆರಾಲ್ಡನ್ನು. ಆದ್ದರಿಂದ ಮೂಳೆ ಸ್ಪೋರ್ಟ್ಸ್ ಕಾರಿನದೇ! ಹೆರಾಲ್ಡಿನ ಛಾವಣಿಯನ್ನು ಬೋಲ್ಟು ಬಿಚ್ಚಿ ಕಳಚಿಡಬಹುದು. ಇವರು ಕಳಚಿಯೇ ಇಟ್ಟಿದ್ದಾರೆ, ಮಳೆ ಬಂದರೆ ಟಾರ್ಪಾಲು. ನಾನು ವಾದ ಬಿಟ್ಟೆ.

ಕೊಕ್ಕೆ ಹಾಕುವವನಿಗೆ ಆ ಮೂಳೆಯೇ ಮುಖ್ಯ. ನಮ್ಮ ಹುಡುಗ ಮೊದಲು ಬಂಪರಿನ ಮಧ್ಯಕ್ಕೆ ಒಂದು ತುಂಡು ಬೆಸೆಯುವುದೆಂದುಕೊಂಡಿದ್ದ. ಬಂಪರು ತೆಳು ತಗಡು, ಎಳೆದರೆ ಕಿತ್ತು ಬರುತ್ತದೆ. ಅಂಬಾಸಡರಿನಂಥ ಕಾರುಗಳಲ್ಲಿ ಪ್ರತ್ಯೇಕ ಚಾಸಿ ಇರುವುದಿಲ್ಲ, ಮೈಯೇ ಭಾರ ಹೊರುತ್ತದೆ. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್ ಇರಲಿ, ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಎಂಬ ಚೆಂದದ ಎರಡು ಸೀಟಿನ ಕಾರಿರಲಿ, ಮೈ ಫೈಬರಿನದು. ಅದಕ್ಕೆ ಕೊಕ್ಕೆ ಸಿಕ್ಕಿಸಿದರೆ ಹಪ್ಪಳ ಮುರಿದಂತೆ ಮುರಿದೀತು. ಹೆರಾಲ್ಡಿಗೆ ಹಾಗಲ್ಲ, ಉಕ್ಕಿನ ಚಾಸಿ ಡಿಕ್ಕಿಯ ಕೆಳಗಿನವರೆಗೂ ಬರುತ್ತದೆ. ಆದರೆ ಅರವತ್ತು ವರ್ಷದ ಉಕ್ಕು. ಸುತ್ತಿಗೆಯಿಂದ ತಟ್ಟುತ್ತ ಹೋದೆವು. ಗಟ್ಟಿಯಿದ್ದಲ್ಲಿ ಟಣ್ ಎಂದಿತು, ತುಕ್ಕು ತಿಂದಲ್ಲಿ ಡಬ್ ಎಂದಿತು. ಒಂದು ಕಡೆ ಡಬ್ ಎಂದ ಜಾಗವನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕಾಯಿತು.

ಕೊಕ್ಕೆಯ ಚೌಕಟ್ಟನ್ನು ಮಾತ್ರ ಬೆಸೆಯಲು ನಾನು ಬಿಡಲಿಲ್ಲ. ಹಳೆಯ ತೆಳು ಉಕ್ಕಿಗೆ ಬೆಸುಗೆಯ ಕಾವು ತಗುಲಿದ ಅಂಚಿನಲ್ಲೇ ಮುಂದೆ ಬಿರುಕು ಹುಟ್ಟುವುದು. ಬೋಲ್ಟು ಹಾಕಿದೆವು, ಅದೂ ತಲೆಯ ಮೇಲೆ 8.8 ಎಂದು ಅಚ್ಚಿರುವುದನ್ನು. ಆ ಅಂಕಿಯ ಅರ್ಥವನ್ನು ನಮ್ಮ ಹುಡುಗ ಕೇಳಿದ್ದೂ ಈಗಲೇ: ಮೊದಲ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ತುಂಡಾಗದು; ಎರಡನೆಯ 8 ಎಂದರೆ ಅದರ ಶೇಕಡಾ 80ರವರೆಗೆ ಶಾಶ್ವತವಾಗಿ ಹಿಗ್ಗದು. ಚಾಸಿಯ ಪೊಳ್ಳು ಪೆಟ್ಟಿಗೆಯೊಳಗೆ ಕೊಳವೆಯ ತುಂಡುಗಳನ್ನಿಟ್ಟು ಅದರೊಳಗಿಂದ ಬೋಲ್ಟು ತೂರಿಸಿದೆವು. ಇಲ್ಲದಿದ್ದರೆ ನಟ್ಟು ಬಿಗಿದಂತೆಲ್ಲ ಪೆಟ್ಟಿಗೆ ಅಪ್ಪಚ್ಚಿಯಾಗುತ್ತದೆ, ನಟ್ಟು ಎಂದಿಗೂ ಬಿಗಿಯಾಗುವುದಿಲ್ಲ.

ಇನ್ನೊಂದು ಕಡೆ ಸ್ವಲ್ಪದರಲ್ಲಿ ಎಡವುತ್ತಿದ್ದೆವು. ಕಾರಿನ ಕೊಕ್ಕೆ ಟ್ರ್ಯಾಕ್ಟರಿನದರಂತೆ ಪಿನ್ನಲ್ಲ, ಒಂದು ಉಕ್ಕಿನ ಗುಂಡು. ಅದರ ಮೇಲೆ ಟ್ರೇಲರಿನ ಮೂತಿಯ ಬಟ್ಟಲು ಕವುಚಿಕೊಳ್ಳುತ್ತದೆ. ಯಜಮಾನರ ಮಗ ಅಮೆರಿಕದಿಂದ ಗುಂಡು ತಂದಿದ್ದ, ಅದು 2 ಇಂಚಿನದು. ಇಲ್ಲಿ ಕೊಂಡ ಬಟ್ಟಲು 50 ಮಿಲಿಮೀಟರಿನದು. 2 ಇಂಚೆಂದರೆ 50.8 ಮಿ.ಮೀ.! ಸುತ್ತಿಗೆಯಲ್ಲಿ ಬಡಿದರೆ ಕೂತಂತೆಯೇ ಕಾಣುತ್ತದೆ, ಹಿಡಿಕೆಯೂ ಮುಚ್ಚಿದಂತೆ ತೋರುತ್ತದೆ, ಆದರೆ ಒಳಗಿನ ಬೀಗ ಹಿಡಿದಿರುವುದಿಲ್ಲ. “ಎಮರಿ ಪೇಪರ್ ಹಾಕಿ ಉಜ್ಜಿಬಿಡ್ತೀನಿ ಸಾರ್” ಎಂದ. ನನಗೆ ಬೀರುವಿನ ತಂತಿ ನೆನಪಾಯಿತು. ಗುಂಡನ್ನು ಯಜಮಾನರ ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಕೊಟ್ಟು, 50 ಮಿ.ಮೀ.ನದನ್ನು ತರಿಸಿದೆವು.

ಇಷ್ಟೆಲ್ಲ ಗಟ್ಟಿ ಮಾಡಿದ ಮೇಲೆ ಕೆಲಸ ಮುಗಿಯಿತೆಂದು ಅವರಿಬ್ಬರೂ ಭಾವಿಸಿದರು. ನನ್ನ ಲೆಕ್ಕದಲ್ಲಿ ಆಗಷ್ಟೇ ಶುರುವಾಗಿತ್ತು.

ಜಟಕಾಗಾಡಿಯಲ್ಲಿ ಕೂತವರಿಗೆ ಗೊತ್ತು. ಸಾಬರು ಲಗಾಮು ಹಿಡಿಯುವ ಮೊದಲು, “ಸ್ವಲ್ಪ ಮುಂದೆ ಬನ್ನಿ, ಅಮ್ಮಾವ್ರು ಹಿಂದೆ ಸರೀರಿ” ಎಂದು ಎಲ್ಲರನ್ನೂ ಕದಲಿಸುತ್ತಿದ್ದರು. ಎತ್ತಿನ ಗಾಡಿಗೆ ಹುಲ್ಲು ಹೇರುವವನೂ ಅಷ್ಟೇ. ಭಾರ ಹಿಂದಾದರೆ ಮೂಕಿ ಮೇಲೆದ್ದು ನೊಗದ ಕಣ್ಣಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ತೀರ ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಹೆಗಲಿಗೆ ಸ್ವಲ್ಪ ಭಾರ ಇರಬೇಕು, ಸ್ವಲ್ಪವೇ ಇರಬೇಕು. ಕಾರಿನ ಟ್ರೇಲರಿಗೂ ಇದೇ ನಿಯಮ: ಒಟ್ಟು ತೂಕದ ಶೇಕಡಾ 5ರಿಂದ 10ರಷ್ಟು ಗುಂಡಿನ ಮೇಲೆ ಕೂರಬೇಕು.

ಗುಜರಿ ಅಂಗಡಿಯ ಕಾಟಾದಲ್ಲಿ ತೂಗಿದೆವು. ಟ್ರೇಲರು 120 ಕೆ.ಜಿ., ಜಾವಾ ಸುಮಾರು 140, ಒಟ್ಟು 260. ಕಾರು ಸುಮಾರು 800 ಕೆ.ಜಿ. ಟ್ರೇಲರಿಗೆ ತನ್ನದೇ ಬ್ರೇಕಿಲ್ಲದಿದ್ದರೆ ಅದರ ತೂಕ ಕಾರಿನ ಅರ್ಧವನ್ನು ಮೀರಬಾರದೆಂಬುದು ವಾಡಿಕೆ, ಆ ಲೆಕ್ಕದಲ್ಲಿ ಚಿಂತೆಯಿಲ್ಲ. ಜಾವಾವನ್ನು ಅನುಕೂಲವಾದಲ್ಲಿ ನಿಲ್ಲಿಸಿ ಕಟ್ಟಿದರು. ನಾನು ಟ್ರೇಲರಿನ ಮೂತಿಯ ಕೆಳಗೆ, ಗುಂಡಿನಷ್ಟೇ ಎತ್ತರಕ್ಕೆ ಮರದ ತುಂಡೊಂದನ್ನು ಕೊಟ್ಟು, ಅದರಡಿ ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನಿಟ್ಟೆ. ಮುಳ್ಳು ಅಲುಗಲಿಲ್ಲ! ಕೈಬಿಟ್ಟರೆ ಮೂತಿ ತಾನಾಗಿ ಮೇಲೇಳುತ್ತಿತ್ತು. ಜಾವಾವನ್ನು ಒಂದಡಿ, ಮತ್ತೆರಡು ಬೆರಳಷ್ಟು ಮುಂದೆ ಸರಿಸಿದಾಗ ಮುಳ್ಳು 21 ಕೆ.ಜಿ.ಗೆ ಬಂತು. ಅಷ್ಟೇ ವ್ಯತ್ಯಾಸ.

ಈ ಒಂದಡಿ ಬೇರೆ ಕಾರಿಗಿಂತ ಹೆರಾಲ್ಡಿಗೆ ಹೆಚ್ಚು ಮುಖ್ಯ. ಅದರ ಹಿಂದಿನ ಚಕ್ರಗಳು ಒಂದೇ ಉದ್ದನೆಯ ಆಕ್ಸಲಿಗೆ ಸೇರಿದವಲ್ಲ. ಎರಡು ಅರ್ಧ ಆಕ್ಸಲುಗಳು ನಡುವಿನ ಡಿಫರೆನ್ಷಿಯಲ್ಲಿನ ಹತ್ತಿರದ ಕೀಲಿನಿಂದ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತವೆ, ಮೇಲೊಂದು ಅಡ್ಡ ಕಮಾನುಪಟ್ಟಿ. ಕೋಳಿಯನ್ನು ನೆಲಕ್ಕೆ ಒತ್ತಿದರೆ ಕಾಲು ಅಗಲಿಸಿ ಕೂರುತ್ತದೆ, ಎತ್ತಿ ಹಿಡಿದರೆ ಕಾಲು ಒಳಗೆಳೆದುಕೊಳ್ಳುತ್ತದಲ್ಲ, ಹಾಗೆ. ಹಿಂಭಾಗ ಮೇಲೆದ್ದಾಗ ತಿರುವಿನಲ್ಲಿ ಚಕ್ರದ ಬುಡ ಒಳಸರಿದು ಕಾರು ಹಿಡಿತ ತಪ್ಪಬಹುದು. ನಮ್ಮ ಮೆಕ್ಯಾನಿಕ್ಕುಗಳಿಗೂ ಗಿರಾಕಿಗಳಿಗೂ ಈ ವ್ಯವಸ್ಥೆ ಹಿಡಿಸಲಿಲ್ಲ; 1972ರಲ್ಲಿ ಅದೇ ಕಂಪನಿ ತಂದ ಗೆಜೆಲ್ ಕಾರಿನಲ್ಲಿ ಇಡೀ ಆಕ್ಸಲನ್ನೇ ಹಾಕಿದರು. ಹಿಂಭಾರದ ಟ್ರೇಲರು ಹೆರಾಲ್ಡಿನ ಬಾಲವನ್ನು ಎತ್ತಿ ಹಿಡಿದರೆ ಗತಿಯೇನು? ಹಾಗೆಂದು ಅತಿಯಾಗಿ ಒತ್ತಿದರೂ ಕಷ್ಟ. ಗುಂಡು ಹಿಂದಿನ ಚಕ್ರಕ್ಕಿಂತ ಒಂದು ಮೀಟರು ಆಚೆಗಿದೆ, ಎರಡು ಚಕ್ರಗಳ ನಡುವಿನ ಅಂತರ 2.3 ಮೀಟರು. ಏತದ ಲೆಕ್ಕ: 21 ಕೆ.ಜಿ. ಇಟ್ಟರೆ ಹಿಂದಿನ ಚಕ್ರಗಳಿಗೆ 30 ಕೆ.ಜಿ. ಸೇರಿ, ಸ್ಟೀರಿಂಗ್ ತಿರುಗಿಸುವ ಮುಂದಿನ ಚಕ್ರಗಳಿಂದ 9 ಕೆ.ಜಿ. ಕಳೆಯುತ್ತದೆ.

ಯಜಮಾನರಿಗೆ ಇದು ತಕ್ಷಣ ಹೊಳೆಯಿತು. ವೆಲ್ಡಿಂಗ್ ಹುಡುಗನಿಗೆ ನಂಬಿಕೆ ಬರಲಿಲ್ಲ. “ಟ್ರ್ಯಾಕ್ಟರಲ್ಲಿ ಹೆಂಗ್ ಹಾಕಿದ್ರೂ ಹೋಗ್ತದಲ್ಲ ಸಾರ್?” ಪ್ರಶ್ನೆ ಒಳ್ಳೆಯದೇ. ಯಜಮಾನರ ಮನೆಯ ಮೂಲೆಯಲ್ಲಿ, ವೈದ್ಯರು ಹೇಳಿದರೆಂದು ಕೊಂಡು ಬಟ್ಟೆ ಒಣಹಾಕಲು ಬಳಸುತ್ತಿದ್ದ ಟ್ರೆಡ್‌ಮಿಲ್ ಇತ್ತು. ಬಟ್ಟೆ ತೆಗೆದು, ಓಡುವ ಬೆಲ್ಟಿನ ಮೇಲೆ ಒಂದು ಆಟಿಕೆ ಕಾರನ್ನು ದಾರದಿಂದ ಹಿಡಿಕೆಗೆ ಕಟ್ಟಿ ನಿಲ್ಲಿಸಿದೆವು. ಅದರ ಹಿಂದೆ ಎರಡು ಗಾಲಿಯ ಹಲಗೆ, ಹಲಗೆಯ ಮೇಲೆ ಭಾರಕ್ಕೆ ಒಂದು ದೊಡ್ಡ ನಟ್ಟು. ನಟ್ಟು ಗಾಲಿಗಿಂತ ಮುಂದಿದ್ದಾಗ ಹಲಗೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಎರಡು ಸಲ ಬಾಲ ಅಲ್ಲಾಡಿಸಿ ನೆಟ್ಟಗಾಯಿತು. ನಟ್ಟನ್ನು ಹಿಂದೆ ಸರಿಸಿದೆವು. ಬೆಲ್ಟು ನಿಧಾನಕ್ಕೆ ಓಡುವಾಗ ಏನೂ ಆಗಲಿಲ್ಲ. ಇದೇ ಮೋಸ! ವೇಗ ಏರಿಸಿ ಮತ್ತೆ ಬೆರಳು ತಾಗಿಸಿದೆ. ಮೊದಲ ತೂಗು ಚಿಕ್ಕದು, ಎರಡನೆಯದು ದೊಡ್ಡದು, ಮೂರನೆಯದಕ್ಕೆ ಕಾರನ್ನೂ ಎಳೆದುಕೊಂಡು ಕೆಳಗೆ ಬಿತ್ತು.

ಟ್ರೇಲರು ಪಕ್ಕಕ್ಕೆ ತೂಗಿದಾಗ ಅದನ್ನು ತಡೆಯುವುದು ಟೈರಿನ ಅಡ್ಡ ಘರ್ಷಣೆ. ವೇಗ ಏರಿದಂತೆ ಈ ತಡೆ ತೂಗನ್ನು ತಗ್ಗಿಸುವ ಶಕ್ತಿ ಕಡಿಮೆಯಾಗುತ್ತದೆ. ಒಂದು ಮಿತಿ ದಾಟಿದರೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಭಾರ ಹಿಂದಿದ್ದಷ್ಟೂ ಆ ಮಿತಿ ಬೇಗ ಬರುತ್ತದೆ. ಟ್ರ್ಯಾಕ್ಟರು ಅದರಿಂದ ಪಾರಾಗುವುದು ನಿಧಾನದಿಂದ ಮತ್ತು ತನ್ನ ತೂಕದಿಂದ. ಅಕಸ್ಮಾತ್ ತೂಗು ಶುರುವಾದರೆ ಸ್ಟೀರಿಂಗನ್ನು ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಗಾಬರಿಯಿಂದ ಬ್ರೇಕನ್ನು ಒತ್ತುವುದೂ ಸ್ಟೀರಿಂಗನ್ನು ಎದುರು ತಿರುಗಿಸುವುದೂ ಬೆಂಕಿಗೆ ತುಪ್ಪ. ಬ್ರೇಕಿನ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ: ಇಬ್ಬರು ಕೂತ ಕಾರು 940 ಕೆ.ಜಿ. ಎಂದಿಟ್ಟುಕೊಂಡರೆ 260 ಕೆ.ಜಿ. ಟ್ರೇಲರಿನಿಂದ ನಿಲ್ಲಿಸಬೇಕಾದ ಚಲನಶಕ್ತಿ ಕಾಲು ಭಾಗಕ್ಕೂ ಹೆಚ್ಚು ಏರುತ್ತದೆ, ನಿಲ್ಲುವ ದೂರವೂ ಹಾಗೆಯೇ. ಬ್ರೇಕು ಮಾತ್ರ ಕಾರಿನದು ಇದ್ದಷ್ಟೇ.

ಊರಾಚೆ ಇನ್ನೂ ಮನೆಗಳೇಳದ ಖಾಸಗಿ ಬಡಾವಣೆಯೊಂದರ ರಸ್ತೆಯಲ್ಲಿ, ಒಡೆಯರ ಒಪ್ಪಿಗೆ ಪಡೆದು ಓಡಿಸಿ ನೋಡಿದೆವು. ಬಟ್ಟಲಿನ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡ ಹಾಯಿಸಿದ್ದೆವು. ಗುಂಡಿನಿಂದ ಬಟ್ಟಲು ಕಳಚಿದರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲಬೇಕು. 40 ಕಿ.ಮೀ. ವೇಗ ದಾಟಲಿಲ್ಲ. ಇಂಡಿಕೇಟರು ಮಾತ್ರ ಅವಸರದಿಂದ ಮಿಣುಕತೊಡಗಿತು. ಹಳೆಯ ಕಾಲದ ಫ್ಲಾಷರು ಕಾವಿನಿಂದ ಕೆಲಸ ಮಾಡುವಂಥದು, ಟ್ರೇಲರಿನ ಬಲ್ಬುಗಳೂ ಸೇರಿ ಹೆಚ್ಚು ಕರೆಂಟು ಹರಿದರೆ ಬೇಗ ಕಾಯುತ್ತದೆ. ಫ್ಲಾಷರು ಬದಲಾಯಿಸಿದೆವು.

ನಿಜವಾದ ಅವಮಾನವಾದದ್ದು ಹಿಂದಕ್ಕೆ ಬಿಡುವಾಗ. ಹೆರಾಲ್ಡು ಸುಮಾರು 25 ಅಡಿ ವ್ಯಾಸದೊಳಗೆ ಸುತ್ತು ತಿರುಗುವ ಕಾರು. ಆ ಚುರುಕುತನವೇ ಇಲ್ಲಿ ಶತ್ರು. ಸ್ಟೀರಿಂಗ್ ಸ್ವಲ್ಪ ಜಾಸ್ತಿಯಾದರೆ ಟ್ರೇಲರು ಚಾಕುವಿನಂತೆ ಮಡಿಚಿ ಕಾರಿನ ಮೂಲೆಗೇ ಬರುತ್ತದೆ. ಯಜಮಾನರು ನಾಲ್ಕು ಸಲ, ನಾನು ಮೂರು ಸಲ ಸೋತೆವು. ಮರಳು ಇಳಿಸಲು ಬಂದಿದ್ದ ಟ್ರ್ಯಾಕ್ಟರ್ ಹುಡುಗನೊಬ್ಬ ನೋಡಿ ನೋಡಿ ಸಾಕಾಗಿ ಹತ್ತಿರ ಬಂದ. “ಸ್ಟೇರಿಂಗ್ ತಳದಾಗ್ ಹಿಡ್ಕಳಿ ಸಾರ್. ಟ್ರೇಲರ್ ಯಾವ್ ಕಡೀಕ್ ಹೋಗ್ಬೇಕೋ ಆ ಕಡೀಕ್ ಕೈ ಒಯ್ಯಿರಿ” ಎಂದ. ಹಾಗೆ ಮಾಡಿದಾಗ ಒಂದೇ ಸಲಕ್ಕೆ ಹೋಯಿತು. ಮೂವತ್ತು ವರ್ಷ ಚಲನೆಯ ಪಾಠ ಮಾಡಿದವನಿಗೆ ಹೊಳೆಯದ ಉಪಾಯ.

ಹೆದ್ದಾರಿಗೆ ಇನ್ನೂ ಇಳಿಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೊಕ್ಕೆ ಆ ಲೆಕ್ಕಕ್ಕೆ ಬರುತ್ತದೆಯೇ ಎಂದು ಯಜಮಾನರು ಸಾರಿಗೆ ಕಚೇರಿಗೆ ಬರೆದು ಕೇಳಿದ್ದಾರೆ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ಕಾರಿನ ನಂಬರು ಟ್ರೇಲರಿನ ಮೇಲೂ ಕಾಣಬೇಕು ಎನ್ನುತ್ತದೆ 61ನೇ ಕಲಮು. ಉತ್ತರ ಬರುವವರೆಗೆ ಗುಂಡಿಗೆ ಗ್ರೀಸು ಸವರಿ, ಅದರ ಮೇಲೆ ಸೀಳಿದ ಟೆನಿಸ್ ಚೆಂಡೊಂದನ್ನು ಟೋಪಿಯಂತೆ ಕವುಚಿದ್ದಾರೆ.

ವೆಲ್ಡಿಂಗ್ ಅಂಗಡಿಯ ಮುಂದೆ ಈಗ ಒಂದು ಮೊಳೆಗೆ ಟ್ರ್ಯಾಕ್ಟರ್ ಪಿನ್ನಿನ ಕ್ಲಿಪ್ಪುಗಳ ಗೊಂಚಲು ತೂಗಾಡುತ್ತಿದೆ. ಟ್ರೇಲರ್ ತಂದವರಿಗೆಲ್ಲ ಮೊದಲು ಪಿನ್ನು ತೋರಿಸಿ ಅನ್ನುತ್ತಾನೆ. ತಂತಿ ಸುತ್ತಿದ್ದರೆ ಅದನ್ನು ಕತ್ತರಿಸಿ ಎಸೆದು ಕ್ಲಿಪ್ಪು ಹಾಕಿ ಕಳಿಸುತ್ತಾನೆ. ಒಂದಕ್ಕೆ ಇಪ್ಪತ್ತು ರೂಪಾಯಿ. ಅರ್ಧಕ್ಕರ್ಧ ಜನ ಆಮೇಲೆ ಕೊಡುತ್ತೇನೆ ಅಂತ ಹೇಳಿ ಹೋಗುತ್ತಾರಂತೆ.