ಕ್ಲಾಜೋ, ಫ್ರೇಸೋ? ಉದ್ದ ನೋಡಬ್ಯಾಡ್ರಿ, ಕ್ರಿಯಾಪದ ನೋಡ್ರಿ

ಇವತ್ತಿನ ಮಾತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೇಳುಗರಿಗೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಿಮ್ಮದು ಬೆಳಗಾವಿಯಿಂದ ಬೇರೆಯಾದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಮನೆಯಲ್ಲಿ ಕನ್ನಡ ಇರಲಿ, ಮರಾಠಿ ಇರಲಿ, ಇಂಗ್ಲಿಷ್ ಪೇಪರ್ ಎಲ್ಲರಿಗೂ ಇದ್ದದ್ದೇ.

ಉದ್ದ ಇದ್ರೆ ಕ್ಲಾಜ್, ಅಂದ್ರೆ ಉಪವಾಕ್ಯ. ಗಿಡ್ಡ ಇದ್ರೆ ಫ್ರೇಸ್, ಅಂದ್ರೆ ಪದಗುಚ್ಛ ಅಂತ ಹಲವರು ತಿಳ್ಕೊಂಡಿರ್ತಾರೆ. ಹಂಗಲ್ಲ. 'ಡ್ಯೂರಿಂಗ್ ದಿ ಫ್ಲಡ್ಸ್ ಇನ್ ದಿ ಕೃಷ್ಣಾ ರಿವರ್' ಅನ್ನೋದರಲ್ಲಿ 7 ಪದ ಇದ್ರೂ ಅದು ಫ್ರೇಸ್. 'ವೆನ್ ಇಟ್ ರೇನ್ಸ್' ಮೂರೇ ಪದ, ಆದ್ರೆ ಕ್ಲಾಜ್. ಯಾಕಂದ್ರೆ ಅಲ್ಲಿ 'ಇಟ್' ಅನ್ನೋ ಕರ್ತೃ ಇದೆ, 'ರೇನ್ಸ್' ಅನ್ನೋ ಕ್ರಿಯಾಪದ ಇದೆ.

ಕ್ರಿಯಾಪದವನ್ನು ಹೀಗೆ ಪರೀಕ್ಷಿಸಿ: ಮಾತನ್ನು ನಿನ್ನೆಗೆ ಒಯ್ಯಿರಿ. 'ರೇನ್ಸ್' ಹೋಗಿ 'ರೇನ್ಡ್' ಆಗುತ್ತೆ. 'ಐ ಸಿಟ್ ಹಿಯರ್, ವೇಟಿಂಗ್ ಫಾರ್ ದಿ ಅಥಣಿ ಬಸ್' ಅನ್ನೋದನ್ನು ನಿನ್ನೆಗೆ ಒಯ್ದರೆ 'ಸಿಟ್' 'ಸ್ಯಾಟ್' ಆಗುತ್ತೆ, 'ವೇಟಿಂಗ್' ಮಾತ್ರ ಹಂಗೇ ಉಳಿಯುತ್ತೆ. ಹಾಗಾಗಿ ಶಾಲಾ ವ್ಯಾಕರಣದಲ್ಲಿ ವೇಟಿಂಗ್‌ನಿಂದ ಮುಂದಿನದು ಫ್ರೇಸ್.

ನಮಗೇ ಯಾಕೆ ಗೊಂದಲ? ನನ್ನ ಪ್ರಕಾರ ಕಾರಣ ಕನ್ನಡದಲ್ಲೇ ಇದೆ. 'ನಿಪ್ಪಾಣಿಯಿಂದ ಬಂದ ಹುಡುಗ' ಅಂತೀವಿ. ಹುಡುಗಿಯಾದ್ರೂ 'ಬಂದ', ಬಸ್ಸಾದ್ರೂ 'ಬಂದ'. ಅದು ಕೃದಂತ; ಬಂದನು, ಬಂದಳು, ಬಂತು ಅಂತ ಬದಲಾಗೋದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ 'ದಿ ಬಾಯ್ ಹೂ ಕೇಮ್ ಫ್ರಮ್ ನಿಪ್ಪಾಣಿ' ಅಂತ ಬಿಡಿಸಬೇಕು. 'ಹೂ' ಕರ್ತೃ, 'ಕೇಮ್' ಕ್ರಿಯಾಪದ, ಹಾಗಾಗಿ ಕ್ಲಾಜ್. ಅವೆರಡನ್ನೂ ತೆಗೆದ್ರೆ ಉಳಿಯೋ 'ಫ್ರಮ್ ನಿಪ್ಪಾಣಿ' ಫ್ರೇಸ್. ನಾವು ಒಂದೇ ಪದದಲ್ಲಿ ಮಡಚಿಟ್ಟದ್ದನ್ನು ಇಂಗ್ಲಿಷ್ ಬಿಚ್ಚಿ ಹೇಳುತ್ತೆ, ಅಷ್ಟೇ.

ಇದು ಒಂದು ಮಾರ್ಕಿನ ಮಾತಷ್ಟೇ ಅಲ್ಲ. ರಜಾ ಅರ್ಜಿಯಲ್ಲಿ 'ಬಿಕಾಸ್ ಆಫ್ ಐ ಹ್ಯಾಡ್ ಫೀವರ್' ಅಂತ ಬರೆದ್ರೆ ತಪ್ಪು. 'ಬಿಕಾಸ್ ಆಫ್' ಮುಂದೆ ಪೂರ್ತಿ ಕ್ಲಾಜ್ ಹೀಗೆ ನೇರವಾಗಿ ಬರೋದಿಲ್ಲ: 'ಬಿಕಾಸ್ ಆಫ್ ಫೀವರ್' ಅನ್ರಿ. ಬರೀ 'ಬಿಕಾಸ್' ಇದ್ರೆ ಕ್ಲಾಜ್ ಬೇಕು: 'ಬಿಕಾಸ್ ಐ ಹ್ಯಾಡ್ ಫೀವರ್'. 'ಡಿಸ್ಪೈಟ್ ದಿ ರೇನ್', 'ಆಲ್ದೋ ಇಟ್ ರೇನ್ಡ್' ಕೂಡ ಇದೇ ಲೆಕ್ಕ.

ಮುಂದಿನ ಅರ್ಜಿ ಕಳಿಸೋ ಮುಂಚೆ ಎರಡೇ ಪ್ರಶ್ನೆ ಕೇಳ್ಕೊಳ್ರಿ: ಯಾರು? ಏನು ಮಾಡಿದ್ರು? ಎರಡಕ್ಕೂ ಅದರೊಳಗೇ ಉತ್ತರ ಸಿಕ್ಕರೆ ಕ್ಲಾಜ್, ಇಲ್ಲಾಂದ್ರೆ ಫ್ರೇಸ್. ಮತ್ತೆ ಸಿಗೋಣ್ರಿ.