ಹೂಮಳೆ ತಾಗದಂತೆ

“ನೋವಿಲ್ಲ, ಗಂಟಿಲ್ಲ, ಮೈಯೆಲ್ಲ ಬಿಸಿಯೇರುವುದೊಂದೇ ಲಾಭ. ಇನ್ನೂ ಈ ಗುಳಿಗೆ ಏಕೆ ಮೇಷ್ಟ್ರೇ?” ಎಂದು ಮೂಡಿಗೆರೆ ಕಡೆಯ ತೋಟದ ಮನೆಯ ತಾಯಿಯೊಬ್ಬರು ನನ್ನನ್ನು ಕೇಳಿದರು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಅವರಿಗೆ ಎರಡು ವರ್ಷವಾಗಿತ್ತು. ನಾನು ವೈದ್ಯನಲ್ಲ, ಓದಿ ತಿಳಿದುದನ್ನು ಅವರ ತೋಟದ ಮಾತಿನಲ್ಲೇ ಹೇಳಿದೆ.

ಕಾಫಿಯ ಮೊಗ್ಗು ಬಿಸಿಲಿನಲ್ಲಿ ಸುಮ್ಮನಿರುತ್ತದೆ. ಹೂಮಳೆ ಬಿದ್ದ ವಾರ ಹತ್ತು ದಿನಗಳಲ್ಲಿ ಅರಳುತ್ತದೆ. ಸ್ತನ ಕ್ಯಾನ್ಸರುಗಳಲ್ಲಿ ಹೆಚ್ಚಿನವಕ್ಕೆ ಅಂಥ ಮಳೆಯೆಂದರೆ ಈಸ್ಟ್ರೋಜನ್ ಎಂಬ ಹಾರ್ಮೋನು. ಅಂಡಾಶಯಗಳನ್ನು ತೆಗೆದರೆ ಸ್ತನದ ಗೆಡ್ಡೆ ಕುಗ್ಗಬಹುದೆಂದು ಗ್ಲಾಸ್ಗೋದ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿಯೇ ತೋರಿಸಿದ್ದರು.

ಈಗ ಗುಳಿಗೆಗಳಿವೆ. ಜೀವಕೋಶದಲ್ಲಿ ಈಸ್ಟ್ರೋಜನ್ ಬಂದು ಕೂರುವ ‘ಗ್ರಾಹಕ’ವೆಂಬ ಪೀಠವನ್ನು ಟಮಾಕ್ಸಿಫೆನ್ ತಾನೇ ಆಕ್ರಮಿಸುತ್ತದೆ, ಮಳೆ ಸುರಿದರೂ ಮೊಗ್ಗಿಗೆ ತಾಗದು. ಮುಟ್ಟು ನಿಂತವರಲ್ಲಿ ಈ ಹಾರ್ಮೋನು ಮುಖ್ಯವಾಗಿ ಕೊಬ್ಬಿನಂಥ ಭಾಗಗಳಲ್ಲಿ, ಅರೊಮಟೇಸ್ ಎಂಬ ಕಿಣ್ವದಿಂದ ತಯಾರಾಗುತ್ತದೆ. ಲೆಟ್ರೊಜೋಲ್ ಆ ಕಿಣ್ವವನ್ನೇ ತಡೆಯುತ್ತದೆ, ಮೋಡವೇ ಕಟ್ಟದು. ಗೆಡ್ಡೆಯ ಚೂರನ್ನು ಪರೀಕ್ಷಿಸಿದಾಗ ಗ್ರಾಹಕ ಕಂಡವರಿಗೆ ಮಾತ್ರ ಈ ಚಿಕಿತ್ಸೆ.

ಕಣ್ಣಿಗೆ ಬೀಳದೆ ಉಳಿದ ಕಣಗಳು ವರ್ಷಗಟ್ಟಲೆ ಕಾಯಬಲ್ಲವು. ಆದುದರಿಂದಲೇ ಐದು ವರ್ಷ, ಕೆಲವರಿಗೆ ಹತ್ತು ವರ್ಷ. ಅಂಥ ರೋಗಿಗಳಲ್ಲಿ ಐದು ವರ್ಷದ ಟಮಾಕ್ಸಿಫೆನ್, ಮುಂದಿನ ಸಾವುಗಳನ್ನು ಸುಮಾರು ಮೂರನೆಯ ಒಂದು ಪಾಲು ತಗ್ಗಿಸಿದೆ. ಬಿಸಿಯೇರಿಕೆ, ಕೀಲುನೋವು, ಮುಟ್ಟು ನಿಂತ ಮೇಲಿನ ರಕ್ತಸ್ರಾವ ಇವುಗಳನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿ ಗುಳಿಗೆ ಬಿಡಬಾರದು.

ಆ ತಾಯಿ ಮರುವಾರ ಬೆಂಗಳೂರಿಗೆ ಹೋಗಿ ವೈದ್ಯರನ್ನು ಕಂಡರು. ಗುಳಿಗೆ ಬದಲಾಯಿತು, ಚಿಕಿತ್ಸೆ ನಿಲ್ಲಲಿಲ್ಲ.